ಹಾಲಿನ ಕೋಣೆಯ ಹವಳ

ಚಳಿ ಹಿಂದೆಗೆದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಹಸುಗಳು ಹಳೆಯ ಕೂದಲು ಉದುರಿಸುವ ಕಾಲ. ಕೊಟ್ಟಿಗೆಯಲ್ಲಿ ಒಂದು ಗಳಿಗೆ ನಿಂತು ಬಂದರೆ ತೋಳಿಗೆ, ಹುಬ್ಬಿಗೆ, ಬಾಯಿಯೊಳಕ್ಕೂ ಕೂದಲು. ಬೆಳಗಿನ ಹಾಲು ಸಂಗ್ರಹ ಕೇಂದ್ರಕ್ಕೆ ಹೋಗಿ ಖಾಲಿ ಕ್ಯಾನುಗಳು ಮರಳಿದ್ದವು. ಅತ್ತಿಗೆ ಅವನ್ನು ಸಾಲಾಗಿ ನಿಲ್ಲಿಸಿಕೊಂಡು, ಹಂಡೆಯ ಕುದಿನೀರನ್ನು ಒಂದೊಂದಕ್ಕೂ ಮೊಗೆದು ಹೊಯ್ದು, ಉದ್ದ ಹಿಡಿಯ ಬ್ರಷ್ಷಿನಿಂದ ಒಳಗೆಲ್ಲ ತಿಕ್ಕಿ, ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು.

ಅವಳನ್ನು ಅತ್ತಿಗೆ ಎಂದು ಕರೆಯಬೇಕಾದವನು ಒಬ್ಬನೇ, ಗಂಡನ ತಮ್ಮ. ಆದರೆ ಅವನ ಬಾಯಿಯಿಂದ ಆ ಹೆಸರು ನೆರೆಯವರ ಬಾಯಿಗೆ, ಅಲ್ಲಿಂದ ಕೇಂದ್ರದವರ ಬಾಯಿಗೆ ಹೋಗಿ, ಒಮ್ಮೆ ಗಂಡನೇ ನಾಲಿಗೆ ತಪ್ಪಿ ಹಾಗೆ ಕರೆದು ವಾರಗಟ್ಟಲೆ ನಗೆಪಾಟಲಾಗಿದ್ದ. ಒಂಬತ್ತು ಹಸುಗಳ ಹಾಲು ಅವಳ ಕೈಯಲ್ಲಿ ನಡೆಯುತ್ತಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಕ್ಯಾನು ಹಾಲೂ ಬೇಡವೆನಿಸಿಕೊಂಡು ಹಿಂದಕ್ಕೆ ಬಂದಿರಲಿಲ್ಲ. ಅದಕ್ಕೆ ಅವಳ ನಾಲಿಗೆ ಕಾರಣ: ಪ್ರತಿ ಕ್ಯಾನಿನಿಂದ ಒಂದು ಗುಟುಕು ಕುಡಿದು ನೋಡದೆ ಮುಚ್ಚಳ ಬಿಗಿಯುತ್ತಿರಲಿಲ್ಲ. ಎರಡನೆಯ ಕಾರಣ ಕ್ಯಾನು ತೊಳೆದು ಹಾಲಿಡುವ ಈ ಕೋಣೆ. ಗೋಡೆಗೆ ಬಿಳಿಯ ಟೈಲ್ಸು, ನೆಲಕ್ಕೆ ಇಳಿಜಾರು, ಮೂಲೆಯಲ್ಲಿ ನೀರು ಹೋಗುವ ಕಂಡಿ, ಉದ್ದಕ್ಕೂ ಕಲ್ಲಿನ ಕಟ್ಟೆ. ತಿಂಗಳಿಗೊಮ್ಮೆ ಬಾಗಿಲು ಕಿಟಕಿ ಹಾಕಿ, ಹಂಡೆಯನ್ನು ಮುಚ್ಚಳವಿಲ್ಲದೆ ಕುದಿಸಿ, ಕೋಣೆಗೆ ಹಬೆ ಹಿಡಿಸಿ ಗೋಡೆಗಳನ್ನು ಒರೆಸುತ್ತಿದ್ದಳು.

ಆ ಕಟ್ಟೆಯೇ ಮೈದುನನ ಕಣ್ಣಿಗೆ ಬಿದ್ದದ್ದು.

ಮೈದುನ ಪಂಪು ರಿಪೇರಿಯವನು. ದೂರದ ಯಾವುದೋ ದೊಡ್ಡ ಮನೆಗೆ ಪಂಪು ನೋಡಲು ಹೋದವನು ಅಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲನ್ನು ಕಂಡು ಬಂದಿದ್ದ. ನಿಜವಾದ ಕಡಲನ್ನು ಅತ್ತಿಗೆಯ ಮನೆಯಲ್ಲಿ ಯಾರೂ ನೋಡಿದವರಲ್ಲ. ಆ ದೊಡ್ಡ ಮನೆಯವರು ಊರು ಬಿಡುವಾಗ ತೊಟ್ಟಿ, ದೀಪ, ಪಂಪು, ಕಲ್ಲುಗಳನ್ನೆಲ್ಲ ಇವನಿಗೇ ಕೊಟ್ಟುಬಿಟ್ಟಿದ್ದರು. ಈಗ ಬಾಡಿಗೆ ಗಾಡಿಯ ಮೇಲೆ ಆರಡಿ ಉದ್ದದ ಗಾಜು ಅಂಗಳದಲ್ಲಿ ನಿಂತಿತ್ತು.

"ಒಂದೇ ತಿಂಗಳು ಅತ್ತಿಗೆ," ಎಂದ. "ನನ್ನ ಶೆಡ್ಡಿನ ನೆಲ ಕುಸೀತಾ ಇದೆ. ನೀರು ತುಂಬಿದ್ರೆ ಇದು ಎರಡು ಹಸುವಿನಷ್ಟು ಭಾರ. ಕಾಂಕ್ರೀಟ್ ಹಾಕಿಸೋವರೆಗೆ ಮಾತ್ರ."

"ಹಾಲಿಡೋ ಜಾಗ ಅದು."

"ಅರ್ಧ ಕಟ್ಟೆ ಸಾಕು. ತಂಪಾಗಿದೆ, ನೀರು ಹೋಗೋಕೆ ದಾರಿ ಇದೆ."

ಅವಳು ಗಂಡನ ಕಡೆ ನೋಡಿದಳು. ಅವನು ಗಾಡಿಯ ಹಗ್ಗ ಬಿಚ್ಚುವುದರಲ್ಲಿ ಮುಳುಗಿಹೋಗಿದ್ದ. ಬಿಚ್ಚುವಂಥ ಗಂಟೇನೂ ಅಲ್ಲಿ ಉಳಿದಿರಲಿಲ್ಲ.

"ಇರ್ಲಿ ಬಿಡು, ಒಂದು ತಿಂಗಳು ತಾನೆ," ಎಂದ.

ಗಾಜಿನ ತೊಟ್ಟಿ ಕಟ್ಟೆಯೇರಿತು. ಆಮೇಲೆ ಗೋಣಿಚೀಲಗಳು ಬಂದವು. ಒದ್ದೆ ಕಾಗದದಲ್ಲಿ ಸುತ್ತಿದ ಕಲ್ಲುಗಳು, ಎರಡು ದಿನ ಗಾಡಿಯಲ್ಲಿ ಬೆಂದು ಬಂದಿದ್ದವು. ಮೈದುನ ಮೊದಲ ಚೀಲದ ಬಾಯಿ ಬಿಚ್ಚಿದ್ದೇ ತಡ, ಅತ್ತಿಗೆ ಮೂಗು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಸತ್ತ ಕರು, ಕಟ್ಟಿಕೊಂಡ ಚರಂಡಿ, ಕೊಳೆತ ಮೊಟ್ಟೆ, ಇವೆಲ್ಲ ಅವಳಿಗೆ ಗೊತ್ತಿದ್ದ ನಾತಗಳು. ಇದು ಅವೆಲ್ಲವನ್ನೂ ಸೇರಿಸಿ ಉಪ್ಪಿನಲ್ಲಿ ನೆನೆಹಾಕಿದಂತಿತ್ತು. ಕಲ್ಲಿನ ತೂತುಗಳಿಂದ ಕಪ್ಪು ಲೋಳೆ ಇಳಿಯುತ್ತಿತ್ತು. ಬೆರಳುದ್ದದ, ಮೈತುಂಬ ಮುಳ್ಳುಗೂದಲಿನ ಹುಳುವೊಂದು ಅರ್ಧ ಹೊರಗೆ ಬಂದು, ಸತ್ತಿದೆಯೋ ಬದುಕಿದೆಯೋ ತಿಳಿಯದಂತೆ ಜೋತಾಡುತ್ತಿತ್ತು.

"ಇದು ಬರೀ ಕಲ್ಲಲ್ಲ ಅತ್ತಿಗೆ, ಇದರೊಳಗೆ ಜೀವ ಇದೆ."

"ಇತ್ತು ಅನ್ನು," ಎಂದಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ. "ಇದ್ದದ್ದು ಹೋಗಿದ್ದಕ್ಕೇ ಈ ಗಮಗಮ. ನಾನು ಹೋದ ಮೇಲೂ ಎರಡು ದಿನ ಹೀಗೇ ಇಟ್ಕೋ ಮಗನೇ."

ಮೈದುನ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಉಪ್ಪುನೀರು ಕಲಸಿ, ಒಂದು ಸಣ್ಣ ದುರ್ಬೀನಿನಂಥದರಲ್ಲಿ ಕಣ್ಣಿಟ್ಟು ಉಪ್ಪಿನ ಅಳತೆ ನೋಡಿ, ಕಲ್ಲುಗಳನ್ನು ಒಂದೊಂದಾಗಿ ತಿಕ್ಕತೊಡಗಿದ. ಹತ್ತನೆಯ ಕಲ್ಲಿಗೆ ಬರುವಾಗ ಅತ್ತಿಗೆಗೆ ಕಂಡದ್ದು ಅವನ ಕೈಯಲ್ಲಿದ್ದ ಉದ್ದ ಹಿಡಿಯ ಬ್ರಷ್ಷು. ಅದರ ಕೂದಲಿನ ತುಂಬ ಕಪ್ಪು ಲೋಳೆ.

ಅವಳು ಬ್ರಷ್ಷನ್ನು ಅವನ ಕೈಯಿಂದ ಕಿತ್ತು ಒಲೆಗೆ ಹಾಕಿದಳು.

ಕಲ್ಲುಗಳ ನಾತ ಇಳಿಯಲು ವಾರಗಳು ಬೇಕಾದವು. ಆಮೇಲೆ ಮೈದುನ ಅವನ್ನು ತೊಟ್ಟಿಯೊಳಗೆ ಗುಹೆಯಂತೆ, ಕಮಾನಿನಂತೆ ಪೇರಿಸಿದ. ನೀರು ತಿಳಿಯಾಯಿತು. ನೀಲಿ ದೀಪ ಹತ್ತಿತು. ಆ ಬೆಳಕು ಕೋಣೆಗೆಲ್ಲ ಬಿದ್ದು, ಅವಳ ಹಾಲು ಸುಣ್ಣದ ನೀರಿನಂತೆ ಕಾಣತೊಡಗಿತು. ತೊಟ್ಟಿಯ ಪಕ್ಕದ ಕೊಳವೆಯೊಂದು ನೀರಿನ ಕೊಳೆಯನ್ನೆಲ್ಲ ನೊರೆಯಾಗಿಸಿ ಮೇಲಿನ ಬಟ್ಟಲಿಗೆ ತುಂಬುತ್ತಿತ್ತು. ಕಂದು ಬಣ್ಣದ ಗಟ್ಟಿ ಗಂಜಿ. ಮೈದುನ ಅದನ್ನು ಬೆಳಿಗ್ಗೆ ಕಂಡಿಗೆ ಸುರಿಯುತ್ತಿದ್ದ. ಅವಳು ಹಿಂದೆಯೇ ಒಂದು ಬಕೆಟ್ ಕುದಿನೀರು ಸುರಿಯುತ್ತಿದ್ದಳು. ತಿಂಗಳು ಮುಗಿದು ಇನ್ನೊಂದು ತಿಂಗಳು ಹಿಡಿದಿತ್ತು. ಕಾಂಕ್ರೀಟಿನ ಮಾತು ಯಾರೂ ಎತ್ತಲಿಲ್ಲ.

ಒಂದು ಬಿಡುವಿನ ದಿನ ಹವಳಗಳು ಬಂದವು. ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಒಂದೊಂದೂ ಹೆಬ್ಬೆರಳಿನಿಂದ ಮುಷ್ಟಿಯಷ್ಟು. ಮೈದುನ ತೋಳು ಕಂಕುಳವರೆಗೂ ಮುಳುಗಿಸಿ ಬೆಳಗಿನಿಂದ ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು.

"ಅತ್ತಿಗೆ, ಒಂದು ನಿಮಿಷ ಬನ್ನಿ. ಇದನ್ನ ಎಲ್ಲಿ ಇಡ್ಲಿ ಹೇಳಿ."

"ತಿಪ್ಪೇಲಿ."

"ತಮಾಷೆ ಅಲ್ಲ. ಹತ್ರ ಹತ್ರ ಇಟ್ರೆ ಜಗಳ ಆಡ್ತವೆ. ಒಂದನ್ನೊಂದು ಸುಟ್ಟುಹಾಕ್ತವೆ."

"ಕೈ ಇಲ್ಲ, ಕಾಲಿಲ್ಲ, ಕೂತಲ್ಲಿಂದ ಏಳಲ್ಲ. ಜಗಳ ಹೇಗೆ ಆಡ್ತವೆ?"

"ಯಾಕೆ, ನಾನು ಆಡಲ್ವಾ?" ಎಂದಳು ಅತ್ತೆ ಕುರ್ಚಿಯಿಂದ.

ಅತ್ತಿಗೆಗೆ ನಗು ಬಂತು. ನಕ್ಕದ್ದಕ್ಕೆ ಸಿಟ್ಟೂ ಬಂತು. ಆದರೂ ಹತ್ತಿರ ಹೋಗಿ ನೋಡಿದಳು. ಯಾವುದು ಯಾರ ಪಕ್ಕ ನಿಲ್ಲಲಾರದು ಎಂಬುದು ಅವಳಿಗೆ ಹೊಸ ವಿಷಯವಲ್ಲ.

"ಇವುಗಳಲ್ಲಿ ಹಾಯೋದು ಯಾವುದು?"

ಮೈದುನ ಮುಷ್ಟಿಗಾತ್ರದ, ಕೊಬ್ಬಿದ ತುಟಿಗಳಂಥ ಒಂದನ್ನು ತೋರಿಸಿದ. "ಇದು. ಸಂಜೆ ಆದ್ರೆ ಎಳೆ ಚಾಚುತ್ತೆ."

"ಹಾಗಾದ್ರೆ ಅದು ಕೊನೇಲಿ, ಗೋಡೆ ಕಡೆ. ನೀರು ಎತ್ತ ಹರಿಯುತ್ತೋ ಅತ್ತಲೇ ಅದರ ಮುಖ ಇರ್ಲಿ, ಅದರಾಚೆ ಯಾರೂ ಬೇಡ. ಬಡಪಾಯಿಗಳನ್ನ ಮಧ್ಯದಲ್ಲಿ ಇಡು. ಬಾಯಿ ಚಾಚಿದ್ರೂ ಪಕ್ಕದ್ದಕ್ಕೆ ಎಟುಕಬಾರ್ದು. ಎರಡು ಗೇಣು ಬಿಡು."

"ಎರಡು ಗೇಣು ಬಿಟ್ರೆ ಖಾಲಿ ಖಾಲಿ ಕಾಣುತ್ತೆ."

"ಕೊಟ್ಟಿಗೆ ಕಾಣೋಕೆ ಕಟ್ಟೋದಲ್ಲ."

ಮೈದುನ ಹಾಗೆಯೇ ಇಟ್ಟ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಂಡಿತು. ಆದರೆ ನಾಲ್ಕು ದಿನಕ್ಕೆ ಅವನ ಕೈ ಕೇಳಲಿಲ್ಲ. ತುಟಿ ಹವಳದ ಮುಂದಿನ ಖಾಲಿ ಜಾಗಕ್ಕೆ ಹಸಿರು ಹೂವಿನಂಥ ಒಂದನ್ನು ತಂದು ಅಂಟಿಸಿದ. ಸಂಜೆಯ ಹಾಲು ಕರೆದು ತಂದಾಗ ಅತ್ತಿಗೆ ನೋಡಿದಳು. ತುಟಿ ಹವಳ ಬಾಯಿ ಬಿಚ್ಚಿ, ತನ್ನ ಹೊಟ್ಟೆಯೊಳಗಿನ ಬಿಳಿಯ ಕರುಳೆಳೆಗಳನ್ನೇ ಹೊರಗೆ ಚೆಲ್ಲಿ ಪಕ್ಕದ್ದರ ಮೇಲೆ ಹಾಸಿತ್ತು. ಹಸಿರು ಮಾಂಸ ಆ ಎಳೆಗಳ ಕೆಳಗೆ ಕರಗಿ, ಹಾಲಿನ ಕೆನೆ ಒಡೆದಂತೆ ಚಿಂದಿಚಿಂದಿಯಾಗಿ ನೀರಿಗೆ ತೇಲುತ್ತಿತ್ತು. ಅಲ್ಲೇ ಕುಳಿತು, ಕರುಳು ಹೊರಗೆ ಹಾಕಿ, ನೆಂಟನನ್ನು ತಿನ್ನುವುದು. ಕೈಯಲ್ಲಿದ್ದ ಬಿಸಿ ಹಾಲಿನ ಬಕೆಟ್ಟಿನ ಕಡೆ ನೋಡಲೂ ಅವಳಿಗೆ ಆಗಲಿಲ್ಲ. ಅಂದು ರಾತ್ರಿ ಊಟ ಬಿಟ್ಟಳು.

ಮರುವಾರ ಮೊದಲ ಕ್ಯಾನು ಹಿಂದಕ್ಕೆ ಬಂತು.

ಕೇಂದ್ರದಲ್ಲಿ ಹಾಲು ಪರೀಕ್ಷಿಸುವವನನ್ನು ಸುತ್ತಲಿನವರೆಲ್ಲ ಮೂಗುರಾಯ ಎನ್ನುತ್ತಿದ್ದರು. ಯಂತ್ರ ಏನೇ ಹೇಳಲಿ, ಮುಚ್ಚಳ ತೆಗೆದು ಒಮ್ಮೆ ಮೂಗು ಇಳಿಸದೆ ಬಿಡುವವನಲ್ಲ.

"ಅತ್ತಿಗೆ, ಏನಿದು? ಮೀನಿನ ವಾಸನೆ."

"ನಮ್ಮನೇಲಿ ಮೀನೇ ಇಲ್ಲ," ಎಂದಳು. ನಿಜವೇ. ಮೈದುನ ಮೀನನ್ನು ಇನ್ನೂ ಬಿಟ್ಟಿರಲಿಲ್ಲ. ಆದರೆ ಮನೆಗೆ ಬಂದು ಗುಟುಕು ಕುಡಿದಾಗ, ಹಾಲಿನ ಸಿಹಿಯ ಹಿಂದೆ ತೆಳ್ಳಗೆ, ನಾಲಿಗೆಯ ಬುಡದಲ್ಲಿ, ಆ ಚೀಲದ ನಾತ ಅವಳಿಗೂ ಸಿಕ್ಕಿತು. ಹೊಲಸಿನ ನಡುವೆ ದಿನವಿಡೀ ನಿಂತು ತನ್ನ ಮೂಗೇ ಒಗ್ಗಿಹೋಗಿದೆ ಎಂದು ತಿಳಿದು, ತನ್ನ ಮೇಲೇ ಅಸಹ್ಯಪಟ್ಟಳು.

ನಾಲ್ಕು ದಿನದ ಮೇಲೆ ಎರಡನೆಯದು ಬಂತು. ಮೂಗುರಾಯನಿಗೆ ಹೇಳಲು ಕಷ್ಟವಾಯಿತು; ತಲೆ ಕೆರೆದುಕೊಂಡ. "ಮೂರನೇದು ಬಂದ್ರೆ ಒಂದು ವರ್ಷ ನಿಮ್ಮ ಹಾಲು ತಗೊಳ್ಳೋ ಹಾಗಿಲ್ಲ. ನಿಯಮ ನಂದಲ್ಲ. ನಾಳಿದ್ದು ಬಂದು ಕೋಣೆ ನೋಡ್ತೀನಿ. ಅಷ್ಟರಲ್ಲಿ ಏನಿದೆಯೋ ತೆಗೀರಿ."

ಒಂಬತ್ತು ಹಸುವಿನ ಹಾಲನ್ನು ಒಂದು ವರ್ಷ ಎಲ್ಲಿಗೆ ಸುರಿಯುವುದು? ಹಸುಗಳನ್ನೇ ಮಾರಬೇಕಾಗುತ್ತದೆ. ಅವಳು ನೇರ ಮೈದುನನ ಮುಂದೆ ನಿಂತಳು.

"ತೆಗಿ."

"ಈಗಷ್ಟೇ ಎಲ್ಲ ನೆಲೆಗೆ ಬಂದಿದೆ ಅತ್ತಿಗೆ. ಅಲ್ಲಾಡಿಸಿದ್ರೆ ಸಾಯ್ತವೆ. ನಾತ ತೊಟ್ಟೀದಲ್ಲ, ಆ ಮೂಲೇಲಿರೋ ಟಬ್ಬಿಂದು. ಅದನ್ನ ನಾಳೆ ಸಂಜೆ ನಾನೇ ಆಚೆ ಹಾಕ್ತೀನಿ. ನೀವು ಮುಟ್ಟಬೇಡಿ."

ಟಬ್ಬಿನಲ್ಲಿ ಮೊರದಗಲದ ಒಂದು ಕಲ್ಲಿತ್ತು. ಅದರ ಮೈತುಂಬ ಅಂಗಿಯ ಗುಂಡಿಗಳಂತೆ ಕಂದು ಹವಳ ಒತ್ತೊತ್ತಾಗಿ ಹಬ್ಬಿತ್ತು. ಉಳಿದವನ್ನು ಮುಚ್ಚಿಹಾಕುತ್ತದೆಂದು ಮೈದುನ ಅದನ್ನು ತೊಟ್ಟಿಗೆ ಸೇರಿಸಿರಲಿಲ್ಲ. ಈಗ ಅರ್ಧ ಕೊಳೆತು ಸಿಂಬಳದಂತೆ ಸುರಿಯುತ್ತಿತ್ತು. ಮುಟ್ಟಬೇಡಿ ಎಂಬ ಮಾತಿಗೆ ಅವಳು ಬೆಲೆ ಕೊಡಲಿಲ್ಲ. ದೀಪ ಮುಟ್ಟಬೇಡಿ, ನೀರು ಮುಟ್ಟಬೇಡಿ, ಗಾಜು ಮುಟ್ಟಬೇಡಿ. ಎರಡು ತಿಂಗಳಿಂದ ತನ್ನ ಕೋಣೆಯಲ್ಲಿ ಅವಳು ಕೇಳುತ್ತಿದ್ದುದು ಅದೊಂದೇ.

ಗಂಡನ ಬಳಿ ಹೋದಳು. "ರೀ, ನೀವಾದ್ರೂ ಹೇಳಿ."

"ನಾಳೆ ಸಂಜೆ ಹಾಕ್ತಾನಂತಲ್ಲ," ಎಂದು ಅವನು ಹುಲ್ಲು ಕತ್ತರಿಸತೊಡಗಿದ.

ನಾಳೆ ಸಂಜೆಗೆ ಕಾಯುವುದು ಅವಳಿಂದಾಗಲಿಲ್ಲ. ಮರುದಿನ ಬೆಳಿಗ್ಗೆ ಹಾಲು ಹೋದ ಮೇಲೆ, ಮೈದುನ ಕೆಲಸಕ್ಕೆ ಹೊರಟ ಮೇಲೆ, ರಬ್ಬರ್ ಕೈಗವಸು ಹಾಕಿಕೊಂಡು ಮುಖ ಆಚೆ ತಿರುಗಿಸಿ ಆ ಕಲ್ಲನ್ನೆತ್ತಿ ಹಂಡೆಗೆ ಇಳಿಸಿದಳು. ನಾತ ಹಿಡಿದದ್ದನ್ನು ಹಾಗೆಯೇ ಹೊರಗೆ ಎಸೆದರೆ ಹಸು ನೆಕ್ಕುತ್ತದೆ, ನಾಯಿ ಎಳೆಯುತ್ತದೆ. ಮೊದಲು ಕುದಿಯಬೇಕು. ಹೇಗೂ ಕೋಣೆಗೆ ಹಬೆ ಹಿಡಿಸಬೇಕು. ಒಂದೇ ಬೆಂಕಿಯಲ್ಲಿ ಎರಡೂ ಕೆಲಸ. ಬಾಗಿಲು, ಕಿಟಕಿ ಹಾಕಿದಳು. ಅತ್ತೆ ಒಣಬಟ್ಟೆ ಹಿಡಿದು ಕುರ್ಚಿಯನ್ನು ಒಳಕ್ಕೇ ಎಳೆದುಕೊಂಡಳು.

ಹಂಡೆ ಕುದಿಯಿತು. ಹಬೆ ಟೈಲ್ಸಿನ ಮೇಲೆ ಹನಿಗಟ್ಟಿ ಇಳಿಯತೊಡಗಿತು. ಇಬ್ಬರೂ ಒರೆಸಿದರು.

"ಬಾಯಿ ಯಾಕೋ ಕಹಿ," ಎಂದಳು ಅತ್ತೆ ಸ್ವಲ್ಪ ಹೊತ್ತಿನ ಮೇಲೆ. "ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ."

ಅತ್ತಿಗೆಯ ಬಾಯಲ್ಲೂ ಅದೇ ರುಚಿ ಇತ್ತು. ನಾತ ಕಂಠಕ್ಕೆ ಇಳಿದಿದೆ ಎಂದುಕೊಂಡು ಉಗುಳಿ ಒರೆಸುತ್ತಲೇ ಇದ್ದಳು. ಗಂಟಲು ಕೆರೆಯಿತು. ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. ಕುದಿಯುವ ಹಂಡೆಯ ಪಕ್ಕದಲ್ಲೇ ಚಳಿ ಹುಟ್ಟಿ ಹಲ್ಲು ಕಟಕಟ ಎಂದವು. ತಿರುಗಿ ನೋಡಿದರೆ ಅತ್ತೆ ಕುರ್ಚಿಯಿಂದ ಒಂದು ಕಡೆಗೆ ವಾಲಿ, ಕೆಮ್ಮಲೂ ಶಕ್ತಿಯಿಲ್ಲದೆ ಬಾಯಿ ತೆರೆದಿದ್ದಳು. ಅತ್ತಿಗೆ ಅವಳನ್ನು ಕುರ್ಚಿ ಸಮೇತ ಬಾಗಿಲಾಚೆಗೆ ಎಳೆದು ಅಂಗಳದಲ್ಲಿ ಕುಸಿದಳು. ಹುಲ್ಲಿನ ಹೊರೆ ಹೊತ್ತು ಬಂದ ಗಂಡ ಹೊರೆಯನ್ನು ಅಲ್ಲೇ ಕೆಡವಿ ಕೂಗಿಕೊಂಡ.

ಆಸ್ಪತ್ರೆಯಲ್ಲಿ ಇಬ್ಬರ ಮೂಗಿಗೂ ಕೊಳವೆ ಹಾಕಿ ಪಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು. ಏನು ಕುದಿಸಿದಿರಿ ಎಂದು ಡಾಕ್ಟರು ಕೇಳಿದರು. ಅತ್ತಿಗೆ ಕಲ್ಲು ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಆಗಷ್ಟೇ ಓಡಿಬಂದಿದ್ದ ಮೈದುನ ಏದುಸಿರಿನಲ್ಲೇ ಹೇಳಿದ:

"ಗುಂಡಿ ಹವಳ ಡಾಕ್ಟ್ರೇ. ಅದರೊಳಗೆ ವಿಷ ಇರುತ್ತೆ. ಕುದಿಸಿದ್ರೆ ಹಬೇಲಿ ಬರುತ್ತೆ. ಕುದಿಸಲೇಬಾರ್ದು."

ಎಷ್ಟು ಬೇಗ ಹೇಳಿಬಿಟ್ಟ! ಪಾಠ ಒಪ್ಪಿಸಿದ ಹಾಗೆ. ಅತ್ತಿಗೆ ಕಣ್ಣು ತೆರೆದು ಅವನನ್ನೇ ನೋಡಿದಳು. ಡಾಕ್ಟರೂ ನೋಡಿದರು.

"ಮನೇಲಿ ಹೇಳಿರಲಿಲ್ವಾ?"

"ಅಣ್ಣನಿಗೆ ಹೇಳಿದ್ದೆ. ಕಲ್ಲು ಬಂದ ದಿನಾನೇ."

ಗಂಡ ಮಂಚದ ಕಾಲಿನ ಚಕ್ರವನ್ನು ನೋಡುತ್ತ ನಿಂತಿದ್ದ. "ಹೇಳಿದ್ದ," ಎಂದ. "ನೀನು ಗಲಾಟೆ ಮಾಡ್ತೀಯ ಅಂತ... ಸುಮ್ನೆ ಯಾಕೆ ಅಂತ. ಕಲ್ಲನ್ನ ಯಾರಾದ್ರೂ ಕುದಿಸ್ತಾರಾ?"

"ಹತ್ತೊಂಬತ್ತು ವರ್ಷ," ಎಂದಳು ಅತ್ತಿಗೆ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ಆ ಮನೇಲಿ ನಾನು ಕುದಿಸದೇ ಬಿಟ್ಟಿರೋದು ಏನಿದೆ, ಹೇಳಿ."

ಪಕ್ಕದ ಮಂಚದಿಂದ ಅತ್ತೆ ಕೈ ಎತ್ತಿದಳು. "ನನ್ನೊಬ್ಬಳನ್ನ," ಎಂದಳು. "ಇವತ್ತು ಅದೂ ಆಯ್ತು." ಹೇಳಿ ಗಂಡುಮಕ್ಕಳಿಬ್ಬರಿಗೂ ಬೆನ್ನು ಹಾಕಿ ಮಗ್ಗುಲಾದಳು.

ಅತ್ತಿಗೆಗೆ ನಗು ಬರಲಿಲ್ಲ. ಗಂಡ ನೀರಿನ ಲೋಟ ಹಿಡಿದು ಬಂದ. ಅವಳು ನರ್ಸಿನ ಕೈಯಿಂದ ಕುಡಿದಳು.

ಐದನೆಯ ದಿನ ಮನೆಗೆ ಬಂದರು. ಅಲ್ಲಿಯವರೆಗಿನ ಹಾಲನ್ನೆಲ್ಲ ಗಂಡ ತಿಪ್ಪೆಗೆ ಸುರಿದಿದ್ದ. ಮೂಗುರಾಯ ವಿಷಯ ತಿಳಿದು ಇನ್ನೊಂದು ವಾರದ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಒಂದು ದಿನದ ಹಾಲು ಪೂರ್ತಿ ಒಪ್ಪಿಗೆಯಾಗಬೇಕು, ಇಲ್ಲವಾದರೆ ವರ್ಷ ಹೋಯಿತು.

ಅವಳು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ಅಣ್ಣ ತಮ್ಮ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಈ ಸಲ ಡಾಕ್ಟರು ಹೇಳಿದಂತೆ ಕಿಟಕಿ ತೆರೆದು, ತಣ್ಣೀರು ಮತ್ತು ಬ್ಲೀಚಿನಲ್ಲಿ ಕೋಣೆ ತೊಳೆದರು. ಹಂಡೆಯನ್ನು ಗುಜರಿಗೆ ಹಾಕಿದರು. ತೊಟ್ಟಿಯ ನೀರು ಇಳಿಸಿ, ಖಾಲಿ ಗಾಜನ್ನೂ ಬಕೆಟ್ಟುಗಳಲ್ಲಿ ಹವಳಗಳನ್ನೂ ಮೈದುನನ ಶೆಡ್ಡಿಗೆ ಸಾಗಿಸಿದರು. ಅವನೇ ಹೇಳಿದ್ದಂತೆ ಅರ್ಧಕ್ಕರ್ಧ ಅಲ್ಲಾಡಿಸಿದ್ದಕ್ಕೇ ಸತ್ತವು. ತುಟಿ ಹವಳ ಮಾತ್ರ ಬಕೆಟ್ಟಿನಲ್ಲೂ ಕರುಳು ಚೆಲ್ಲಿ, ಜೊತೆಗಿದ್ದ ಎರಡನ್ನು ಮುಗಿಸಿ, ಕೊಬ್ಬಿ ಕುಳಿತಿತ್ತು.

"ಅತ್ತಿಗೆ," ಎಂದು ಮೈದುನ ಬಕೆಟ್ ಹಿಡಿದು ಎದುರಿಗೆ ನಿಂತ. "ಉಳಿದಿರೋದನ್ನ ಹೇಗೆ ಜೋಡಿಸ್ಲಿ? ನೀವು ಹೇಳಿದ್ದೇ ಸರಿ ಇತ್ತು."

ಅವಳು ಕುರ್ಚಿಯನ್ನು ಕೊಟ್ಟಿಗೆಯ ಕಡೆಗೆ ತಿರುಗಿಸಿಕೊಂಡಳು. ಅವನು ಬಕೆಟ್ಟಿನೊಡನೆ ಹೋದ.

ಗಡುವಿನ ಕೊನೆಯ ದಿನ ಬೆಳಿಗ್ಗೆ ನಾಲ್ಕು ಕ್ಯಾನು ತುಂಬಿದವು. ಅವಳು ಮೊದಲ ಕ್ಯಾನಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಲ್ಲಿ ನೆಕ್ಕಿದಂತಿತ್ತು. ಎರಡನೆಯದೂ ಅದೇ, ಮೂರನೆಯದೂ ಅದೇ. ಅನ್ನವೂ ಅದೇ, ನೀರೂ ಅದೇ. ಬಾಯಿಯ ರುಚಿ ಮರಳಲು ವಾರಗಳಾಗಬಹುದು, ತಿಂಗಳುಗಳೂ ಆಗಬಹುದು ಎಂದಿದ್ದರು ಡಾಕ್ಟರು. ಹಾಲನ್ನು ಉಗುಳಿದಳು. ಅತ್ತೆಯದೂ ಇದೇ ಪಾಡು. ಮೈದುನ ಶೆಡ್ಡಿನಲ್ಲಿದ್ದ, ಆ ನಾತದಲ್ಲೇ ಮುಳುಗಿದವನ ಮೂಗು ಯಾತಕ್ಕೂ ಬಾರದು. ಉಳಿದವನು ಒಬ್ಬನೇ.

"ನೋಡಿ ಹೇಳಿ," ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

ಗಂಡ ಅವಸರದಿಂದ ಬಂದು ನಾಲ್ಕು ಕ್ಯಾನಿಗೂ ಬಗ್ಗಿ ಎದ್ದ. "ಏನೂ ಇಲ್ಲ. ಚೆನ್ನಾಗಿದೆ."

ಅವಳು ಮುಚ್ಚಳ ಹಾಕಲಿಲ್ಲ. ಕೈ ಕಟ್ಟಿ ನಿಂತಳು. ಕೊಟ್ಟಿಗೆಯಲ್ಲಿ ಯಾವುದೋ ಹಸು ಗೊರಸು ತಟ್ಟಿತು. ಸುಮ್ಮನೆ ಯಾಕೆ ಎನ್ನುವವನ ಚೆನ್ನಾಗಿದೆಗೆ ಏನರ್ಥ? ಇಷ್ಟು ವರ್ಷ ಅವನು ಹೂಂ ಎಂದದ್ದರಲ್ಲಿ ಎಷ್ಟು ಹೂಂ, ಎಷ್ಟು ಗಲಾಟೆ ಬೇಡ ಎಂಬುದು, ಯಾರು ಬಿಡಿಸಿ ಹೇಳಬೇಕು?

ಗಂಡ ಅವಳ ಮುಖ ನೋಡಿದ. ಮತ್ತೆ ಬಗ್ಗಿದ. ಈ ಸಲ ಒಂದೊಂದರ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದ. ನಾಲ್ಕನೆಯದರ ಹತ್ತಿರ ಬಹಳ ಹೊತ್ತು ಇದ್ದ.

"ಇದರಲ್ಲಿ ಇದೆ," ಎಂದ. "ಹಾಲಲ್ಲಲ್ಲ. ಮುಚ್ಚಳದ ರಬ್ಬರ್ ಉಂಗುರದಲ್ಲಿ. ಆದ್ರೆ ಹಾಲಿಗೂ ಸ್ವಲ್ಪ ಇಳಿದಿದೆ. ಮೊದಲೇ ಗೊತ್ತಾಯ್ತು. ಹೇಳೋಕೆ..."

ಅವಳು ನಾಲ್ಕನೆಯ ಕ್ಯಾನನ್ನು ಕಾಲಿನಿಂದ ಉರುಳಿಸಿದಳು. ಹಾಲು ಇಳಿಜಾರಿನಲ್ಲಿ ಅಗಲವಾಗಿ ಹರಿದು ಕಂಡಿಗೆ ಇಳಿಯಿತು. ಉಳಿದ ಮೂರರ ಉಂಗುರಗಳನ್ನು ಅವನೇ ಕಿತ್ತು, ಮೂಸಿ, ಕ್ಯಾನಿನ ಬಾಯಿಗೆ ಶುಭ್ರ ಬಟ್ಟೆ ಕಟ್ಟಿ ಮುಚ್ಚಿದ.

ಕೇಂದ್ರದಲ್ಲಿ ಮೂಗುರಾಯ ಮೂರು ಕ್ಯಾನಿನ ಬಟ್ಟೆಯನ್ನೂ ಬಿಚ್ಚಿಸಿದ. ಒಂದೊಂದಕ್ಕೂ ಮೂಗು ಇಳಿಸಿ, ಯಂತ್ರಕ್ಕೆ ಹಾಕಿ, ಮತ್ತೆ ಮೂಗು ಇಳಿಸಿದ. ಅವಳು ಬಾಯಲ್ಲಿ ತುಕ್ಕಿನ ರುಚಿ ನುಂಗುತ್ತ, ತನ್ನ ಹಾಲಿನ ಬಗ್ಗೆ ಬೇರೆಯವರು ತೀರ್ಪು ಹೇಳುವುದನ್ನು ಕಾಯುತ್ತ ನಿಂತಳು.

"ಮೂರೂ ಸರಿ ಇದೆ ಅತ್ತಿಗೆ," ಎಂದ ಮೂಗುರಾಯ. "ನಾಳೆಯಿಂದ ಎಂದಿನಂತೆ ತನ್ನಿ."

ಹೊರಗೆ ಗಾಡಿಗೆ ಖಾಲಿ ಕ್ಯಾನು ಏರಿಸುತ್ತ ಗಂಡ ಅವಳ ಹತ್ತಿರ ಬಂದ. ಬೆವರಿದ್ದ.

"ಇವತ್ತು ನಿಜ ಹೇಳಿದೆನಲ್ಲ. ತಪ್ಪಾಯ್ತು ಅಂತ ಆಸ್ಪತ್ರೇಲೂ ಹೇಳಿದೀನಿ. ಈಗ್ಲಾದ್ರೂ ಒಂದು ಮಾತು ಆಡು. ಆಯ್ತು ಬಿಡಿ ಅನ್ನು, ಸಾಕು."

"ರಬ್ಬರ್ ಉಂಗುರ ಬೇಕು," ಎಂದಳು. "ಎಲ್ಲ ಕ್ಯಾನಿಗೂ ಹೊಸದು. ಪಕ್ಕದ ಅಂಗಡೀಲಿ ಸಿಗುತ್ತೆ."

ಅವನು ಅಂಗಡಿಯ ಕಡೆಗೆ ಹೋದ. ಅವಳು ಗಾಡಿಯ ಹಿಂಬದಿಗೆ ಒರಗಿ, ಬಾಯಿ ಮುಕ್ಕಳಿಸಿ, ದೂರಕ್ಕೆ ಉಗುಳಿದಳು.